ಪ್ರಭಕ್ಕನ ಹೆಸರಿನ ತಟ್ಟೆ

ಅಕ್ಟೋಬರ್ ೧೪, ೧೯೮೬

ಇವತ್ತೂ ಲೂಪೆ ಕಾರಿನಲ್ಲೇ ಫ್ಯಾಕ್ಟರಿಗೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವವರು. ಫ್ರೀವೇ ಜಾಮು. ಅವಳ ಕ್ಯಾಸೆಟ್ಟು — ಸ್ಪ್ಯಾನಿಷ್ ಹಾಡು, ಗಂಡಸೊಬ್ಬ ಗೋಗರೆಯುತ್ತಿದ್ದಾನೆ. 'ಪೆರ್ದೋನಾಮೆ' ಅಂದರೆ ಕ್ಷಮಿಸು ಅಂತ, ಲೂಪೆಯೇ ಹೇಳಿಕೊಟ್ಟಳು. ಮುಂದಿನ ಹಾಡೂ ಅದೇ. ಅದರ ಮುಂದಿನದೂ.

"ಎಲ್ಲಾ ಕ್ಷಮೆ ಕೇಳೋರೇ. ಕ್ಷಮಿಸಿದೆ ಅನ್ನೋ ಹಾಡು ಒಂದೂ ಇಲ್ವಾ?" ಅಂದೆ.

"ಕೇಳೋದು ಸುಲಭ ಅಲ್ವಾ" ಎಂದು ನಕ್ಕಳು.

ನನ್ನ ಒಡಹುಟ್ಟಿದ ಪ್ರಭಕ್ಕ ಆ ಕ್ಷಮೆಯನ್ನೂ ಕೇಳಲಿಲ್ಲ. ಅಮ್ಮ ಹೋದಾಗ ಮೈಸೂರಿನಿಂದ ತಂತಿ ಬಂದದ್ದು ಡ್ಯಾನ್‌ವಿಲ್‌ಗೆ, ಇಲ್ಲಿಂದ ಗಂಟೆ ದಾರಿಯ ಅವಳ ಮನೆಗೆ. ನನಗೆ ಏಳು ತಿಂಗಳು. ಬಸುರಿಗೆ ಹೇಳಬಾರದೆಂದು ವೈಕುಂಠ ಸಮಾರಾಧನೆ ಮುಗಿಯುವವರೆಗೂ ಮುಚ್ಚಿಟ್ಟಳು. ನಡುವೆ ಒಮ್ಮೆ ಬಂದು ನನ್ನ ತಲೆ ಬಾಚಿ, ಜಡೆ ಹೆಣೆದು ಹೋದಳು, ತುಟಿಪಿಟಕ್ಕೆನ್ನದೆ. ಮೂರು ವರ್ಷವಾಯಿತು, ಮಾತಿಲ್ಲ. ನನಗೆ ಇನ್ನೂ ಕೋಪ ಆರಿಲ್ಲ.

ಅಕ್ಟೋಬರ್ ೨೩

ಪಕ್ಕದ ಟೌನ್‌ಹೌಸಿನ ಕ್ಯಾರಲ್ ಕುಂಬಳಕಾಯಿ ತಂದುಕೊಟ್ಟಳು. ಲೈಬ್ರರಿಯಲ್ಲಿ ಕೆಲಸ. ತಾನು ವಿಕ್ಕನ್ ಪಂಥದವಳು ಎನ್ನುತ್ತಾಳೆ. ಮಾಟಗಾತಿ ಅಂದರೂ ಬೇಜಾರಿಲ್ಲವಂತೆ. ಆದರೆ ಕೇಡು ಮಾತ್ರ ಬಯಸಬಾರದು, ಬಯಸಿದ್ದು ಮೂರು ಪಟ್ಟಾಗಿ ನಮಗೇ ವಾಪಸ್ಸು. ದೇವಿ, ಚಂದ್ರ, ಹುಣ್ಣಿಮೆ ಲೆಕ್ಕ... ನಮ್ಮ ಪಂಚಾಂಗಕ್ಕೇನೂ ದೂರವಿಲ್ಲ. ಮೂವತ್ತೊಂದಕ್ಕೆ ಅವರ ಹೊಸ ವರ್ಷ, ಹೆಸರು ಸೌವಿನ್. ಕರೆದಳು.

"ನಿನಗೆ ತುಂಬಾ ನೆನಪಾಗೋರು ಯಾರಾದ್ರೂ ಇದ್ರೆ, ಅವರಿಗೆ ಇಷ್ಟವಾದ ತಿಂಡಿ ಮಾಡ್ಕೊಂಡು ಬಾ."

ಇವರಿಗೆ ನಗು. "ನಡ್ಕೊಂಡು ಹೋಗ್ತೀಯಾ, ಪೊರಕೆ ಮೇಲಾ?"

ಅಕ್ಟೋಬರ್ ೩೧, ಸಂಜೆ ೫

ಇವತ್ತು ನೀರು ತುಂಬುವ ಹಬ್ಬ. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು, ತುಂಬಲು ಹಂಡೆಯೇ ಇಲ್ಲ. ಮೈಸೂರಿನಲ್ಲಿ ಹಂಡೆಗೆ ಸುಣ್ಣದ ಪಟ್ಟೆ ಬಳಿಯಲು ನಾವಿಬ್ಬರೂ ಕಿತ್ತಾಡುತ್ತಿದ್ದೆವು. ಕೊನೆಗೆ ಬಳಿಯುವವಳು ಅಕ್ಕ, ಬಳ್ಳಿ ಸುತ್ತುವವಳು ನಾನು. ಇಬ್ಬರ ಮೂಗಿನ ಮೇಲೂ ಸುಣ್ಣ.

ಗೊಜ್ಜವಲಕ್ಕಿ ಮಾಡಿದ್ದೇನೆ. ನೆನಪಾಗುವವರು ಅಂದಾಗ ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಕ್ಕೆ ಹೋಯಿತು. ಅಕ್ಕನಿಗೆ ಅದೆಂದರೆ ಪ್ರಾಣ. ಹಾಳಾದ ನೆನಪು, ಕೋಪವಿದೆ ಎಂದರೂ ಬಿಡುವುದಿಲ್ಲ.

ಅದೇ ದಿನ, ೮ ಗಂಟೆ

ಕ್ಯಾರಲ್ ಮನೆಯಿಂದ ಈಗ ಬಂದೆ.

ಕ್ಯಾರಲ್ ಉಪ್ಪುನೀರು ಚಿಮುಕಿಸಿ ನಮ್ಮ ಸುತ್ತ ವೃತ್ತ ಕಟ್ಟಿದಳು. ಬಂದಿದ್ದವರೆಲ್ಲ ನಾಲ್ಕು ದಿಕ್ಕಿಗೂ ತಿರುಗಿ ಆಯಾ ದಿಕ್ಕಿನ ಶಕ್ತಿಯನ್ನು ಕರೆದರು. ಹಿತವಾಗಿತ್ತು. ಆಮೇಲೆ ಒಬ್ಬೊಬ್ಬರೇ ತಟ್ಟೆ ಇಟ್ಟು ಒಂದು ಹೆಸರು ಹೇಳಿದರು. ನಾನೂ ಇಟ್ಟೆ. "ಪ್ರಭಾ" ಅಂದೆ. ಎಲ್ಲರೂ ತಲೆ ತಗ್ಗಿಸಿದರು. ಕ್ಯಾರಲ್ ಮೇಣದಬತ್ತಿ ಹಚ್ಚಿ ಮೆಲ್ಲಗೆ ಕೇಳಿದಳು —

"ಯಾವಾಗ ತೀರಿಕೊಂಡ್ರು?"

"ಇಲ್ವಲ್ಲ. ಡ್ಯಾನ್‌ವಿಲ್‌ನಲ್ಲಿದ್ದಾಳೆ."

ಆ ತಟ್ಟೆ ಸತ್ತವರಿಗಂತೆ. ಈ ಸಂಜೆ ಅವರು ಹತ್ತಿರ ಬರುತ್ತಾರಂತೆ. ಅವರವರಿಗೆಲ್ಲ ಗೊತ್ತಿರುವ ವಿಷಯ, ನನಗೆ ಹೇಳಲು ಮರೆತಳಂತೆ. ಏನೂ ಆಗುವುದಿಲ್ಲ ಎಂದು ಬತ್ತಿ ಆರಿಸಿದಳು. ನಮ್ಮಲ್ಲಿ ದೀಪ ಆರಿಸುವುದೇ ಅಪಶಕುನ.

ಹಬ್ಬದ ದಿನ, ಬದುಕಿರುವ ಅಕ್ಕನಿಗೆ ಎಡೆ ಇಟ್ಟು ಬಂದೆನಲ್ಲ. ದೇವರೇ, ಅವಳು ಚೆನ್ನಾಗಿರಲಿ. ಜಗಳ ಹಾಗೇ ಬಿದ್ದಿರಲಿ. ಅವಳಿಲ್ಲದೆ ನನಗೆ ಇನ್ನು ಯಾರಿದ್ದಾರೆ...

ನವೆಂಬರ್ ೧, ನರಕ ಚತುರ್ದಶಿ, ಬೆಳಿಗ್ಗೆ

ಹಲ್ಲುಜ್ಜಿದವಳೇ ಫೋನು ಮಾಡಿದೆ. ನಂಬರು ಬೆರಳಿಗೇ ಗೊತ್ತಿತ್ತು. ತಕ್ಷಣ ಎತ್ತಿದಳು.

"ಅಕ್ಕಾ, ನಾನು ವೇದಾ."

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ —

"ಯಾರು ಹೋದ್ರೇ? ಹೇಳ್ಬಿಡು. ನನ್ ಹತ್ರ ಮುಚ್ಚಿಡ್ಬೇಡ."

ಯಾರೂ ಇಲ್ಲ, ಎಲ್ಲಾ ಚೆನ್ನಾಗಿದ್ದಾರೆ ಅಂದೆ. ನಂಬಲಿಲ್ಲ. ಅಪ್ಪ? ಶಿವರಾಮು ಮಾವ? ನಿನ್ ಮಗು? — ಒಬ್ಬೊಬ್ಬರ ಹೆಸರೂ ಹಿಡಿದು ಕೇಳಿದಳು, ಅಳುತ್ತಲೇ. ಇಲ್ಲ ಅಕ್ಕ, ಇಲ್ಲ ಅಕ್ಕ ಅಂದೆ. ಆಣೆ ಹಾಕಿಸಿಕೊಂಡಳು. "ಎಣ್ಣೆ ಬಿಸಿ ಮಾಡಿಡು, ಅಲ್ಲಿಗೇ ಬರ್ತೀನಿ" ಅಂದೆ. ಇವರು ಕಾರಿನಲ್ಲಿ ಕೂತು ಹಾರ್ನು ಒತ್ತುತ್ತಿದ್ದಾರೆ, ಮಗಳಿಗೆ ಇನ್ನೂ ಸ್ವೆಟರು —