ಅಂಗೈಯಲ್ಲಿ ಮೀನು

ಶಿರಸಿ, 12 ಮೇ 1964, ಮಂಗಳವಾರ

ಸಂಜೆ ಅವ್ವನಿಗೆ ಹೇಳಿದ್ದು ಸುಳ್ಳೋ ನಿಜವೋ ತಿಳಿಯದೆ ಹೊರಳಾಡುತ್ತಿದ್ದೇನೆ.

ನೌಕಾದಳದಲ್ಲಿ ಮುಳುಗುಗಾರನಾಗಿರುವ ತಮ್ಮ ರುದ್ರಮುನಿ ರಜೆಗೆ ಬರುವಾಗ ನೀರೊಳಗೆ ಉಸಿರಾಡಲು ಗಾಳಿ ತುಂಬಿದ ಸಿಲಿಂಡರನ್ನೂ ತಂದಿದ್ದಾನೆ. ಬೆಳಿಗ್ಗೆ ನಾವಿಬ್ಬರೇ ಭೈರುಂಬೆಯ ಹತ್ತಿರ ಶಾಲ್ಮಲೆ ಹೊಳೆಯ ಮಡುವಿಗೆ ಹೋದೆವು. ಸಿಲಿಂಡರನ್ನು ನನ್ನ ಬೆನ್ನಿಗೆ ಬಿಗಿಯುತ್ತ, "ಅಕ್ಕಾ, ಕೊಳ್ಳಾಗಿನ ಕರಡಿಗಿ ತಗದಿಡು, ಪಟ್ಟಿಗೆ ಸಿಕ್ಕೊಂತೈತಿ" ಎಂದ.

ಉಸಿರು ಹೋದರೂ ಲಿಂಗ ಮೈಬಿಡಬಾರದು ಎಂದು ಕೇಳಿ ಬೆಳೆದವಳು ನಾನು. ಲಿಂಗವಿದ್ದ ಆ ಪುಟ್ಟ ಕರಡಿಗೆಯನ್ನು ಕೊರಳಿಂದ ತೆಗೆದು ಎಡಗೈಯಲ್ಲಿ ಬಿಗಿಯಾಗಿ ಹಿಡಿದೇ ಇಳಿದೆ. ಹಗ್ಗದ ತುದಿ ಹಿಡಿದು ಅವನು ಬಂಡೆಯ ಮೇಲೆ ನಿಂತ.

ತಳದಲ್ಲಿ ಒಂದು ಕಪ್ಪು ಮೀನು ಮುಖದೆದುರೇ ಬಂದು ನಿಂತಿತು. ನನ್ನ ಉಸಿರೊಂದೇ ಕೇಳುತ್ತಿತ್ತು. ದಿನವೂ ಪೂಜೆಗೆ ಕೂತರೆ ಒಲೆ, ಹಾಲು, ಶಾಲೆ ಎಂದು ಅಲೆಯುವ ಮನಸ್ಸು ಅಲ್ಲಿ ಎಲ್ಲಿಗೂ ಹೋಗಲಿಲ್ಲ.

ಸಂಜೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಎಷ್ಟು ದಿಟ್ಟಿಸಿದರೂ ಕಂಡದ್ದು ಆ ಮೀನೇ.

"ಇವತ್ತ ಭಾಳ ಹೊತ್ತು ಕುಂತಿದ್ದಿ. ಮನಸ್ಸು ನಿಂತಿತೇನವಾ?" ಎಂದಳು ಅವ್ವ.

"ಹೂಂ" ಎಂದೆ.

ನಿಂತದ್ದಂತೂ ಹೌದು. ಬೆಳಗಾದರೆ ಮತ್ತೆ ಪೂಜೆಗೆ ಕೂರಬೇಕು. ಆ ಮೀನು ಬಾರದೇ ಹೋದರೆ ಮನಸ್ಸು ನಿಂತೀತೇ?