ಸುಮ್ಮನೆ ಕೂರುವ ದಿನ

ಮಂಗಳವಾರ, ಮಾರ್ಚ್ ೪
ಕಚೇರಿ, ಬೆಳಿಗ್ಗೆ ಎಂಟು ಗಂಟೆ

ಅಕ್ಕಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿಯೂ ಇದನ್ನು ಹರಿದು ಬಿಸಾಡದೆ ಇಲ್ಲಿಯವರೆಗೆ ಬಂದಿದ್ದೀಯಲ್ಲ, ಅದೇ ದೊಡ್ಡದು. ಕ್ಷೇಮಸಮಾಚಾರ ಕೇಳುವುದಿಲ್ಲ. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ನಿನ್ನ ಸುದ್ದಿ ನನಗೂ ನನ್ನ ಸುದ್ದಿ ನಿನಗೂ ಉಪ್ಪುಖಾರ ಹಚ್ಚಿ ತಲುಪಿಸುತ್ತಾಳೆಂದು ಇಬ್ಬರಿಗೂ ಗೊತ್ತು. ನಿನ್ನ ಕನ್ನಡಕದ ಅಂಗಡಿಗೆ ಲೆನ್ಸ್ ಉಜ್ಜುವ ಹೊಸ ಯಂತ್ರ ಬಂತಂತೆ, ಮೊದಲ ದಿನವೇ ನೀನು ಅದಕ್ಕೆ ಚೆನ್ನಾಗಿ ಬೈದೆಯಂತೆ.

ಏಳು ವರ್ಷ ಕಳೆದ ಮೇಲೆ ಬರೆಯುತ್ತಿರುವುದಕ್ಕೆ ಕಾರಣ ಎರಡು. ಒಂದನ್ನು ಈಗಲೇ ಹೇಳಿಬಿಡುತ್ತೇನೆ: ನೀನು ಕಂಪನಿಗೆ ವಾಪಸು ಬರಬೇಕು. ಇನ್ನೊಂದನ್ನು ಓದಿದ ಮೇಲೆ ನೀನು ಬರದೆಯೂ ಇರಬಹುದು. ಆದರೆ ಅದನ್ನು ಮುಚ್ಚಿಟ್ಟುಕೊಂಡು ನಿನ್ನನ್ನು ಕರೆಯಲು ನನಗೆ ಮುಖವಿಲ್ಲ.

ಟೈರ್ ಅಂಗಡಿಯ ಮೇಲಿನ ಆ ಕೋಣೆ ನೆನಪಿದೆಯೇ? ಎರಡು ಮೇಜು, ಒಂದು ಕಿಟಕಿ, ಕೈ ಮುರಿದ ಕುರ್ಚಿ. ಕೈತೊಳೆಯುವ ಬೇಸಿನ್ ಪಕ್ಕದಲ್ಲೇ ಕಂಪ್ಯೂಟರ್. ನೀನು ಐದು ಗಂಟೆಗೆ ಮೇಷ್ಟ್ರ ಅಂಗಡಿಯಿಂದ ಬೆರಳಿಗೆಲ್ಲ ಗಾಜಿನ ಪುಡಿ ಮೆತ್ತಿಕೊಂಡು ಬರುತ್ತಿದ್ದೆ. ಅವರು ನಿನಗೆ ಫ್ರೇಮು ಹಿಡಿಯುವುದರಿಂದ ಹಿಡಿದು ಕಸುಬನ್ನೆಲ್ಲ ಕಲಿಸಿದವರು, ಅದಕ್ಕೇ ಊರಿಗೆಲ್ಲ ಅಂಗಡಿಯ ಯಜಮಾನರಾದವರು ನಮ್ಮಿಬ್ಬರಿಗೆ ಮೇಷ್ಟ್ರು. ಗಿರಾಕಿಗಳ ಕಣ್ಣಿನ ಪವರ್ ಬರೆದ ಚೀಟಿಗಳು ಕಳೆದುಹೋಗಿ ಯಾರದೋ ಕನ್ನಡಕ ಇನ್ಯಾರದೋ ಮೂಗಿಗೆ ಏರುತ್ತಿದೆ ಎಂದು ನೀನು ಗೊಣಗಿದ್ದಕ್ಕೆ ನಾನು ಚೀಟಿಗಳನ್ನು ಕಂಪ್ಯೂಟರಿನಲ್ಲಿಡುವ ಆ ಪ್ರೋಗ್ರಾಂ ಬರೆದೆ. ಮೊದಲ ಗಿರಾಕಿ ಮೇಷ್ಟ್ರೇ. ಬ್ಯಾಂಕಿನ ಅರ್ಜಿಯಲ್ಲಿ ಹುದ್ದೆ ತುಂಬಬೇಕಾದಾಗ ನೀನು ತಲೆ ಎತ್ತದೆ ಹೇಳಿದ್ದೆ: "ಸಿಇಒ ಅಂತ ನೀನೇ ಬರ್ಕೊಳ್ಳೆ, ನಿಂಗೇ ಮಾತು ಜಾಸ್ತಿ." ನಾನು ಸಿಇಒ ಆದ ಕಥೆ ಇಷ್ಟೇ. ಈಗ ಸಂದರ್ಶನಗಳಲ್ಲಿ ಬೇರೆ ಏನೇನೋ ಹೇಳುತ್ತೇನೆ.

ಹೊರಗಿನವರ ಬಂಡವಾಳ ಬೇಡ ಎಂದವಳೂ ನೀನೇ. ಇಪ್ಪತ್ತು ಹೊಸ ಅಂಗಡಿ ಗಿರಾಕಿಯಾಗಿ ಬಂದ ಮೇಲೆಯೇ ಒಬ್ಬ ಹೊಸಬರಿಗೆ ಕುರ್ಚಿ, ಅದಕ್ಕೆ ಮೊದಲು ಇರುವವರೇ ಒದ್ದಾಡಬೇಕು. ಹಣ ಹೂಡುತ್ತೇನೆಂದು ಬಂದ ಆ ಮಿರುಗುವ ಬೂಟಿನ ಮನುಷ್ಯನನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಆತ ಅರ್ಧ ಗಂಟೆ ಮಾರುಕಟ್ಟೆಯ ಬಗ್ಗೆ ಕೊರೆದ ಮೇಲೆ ನೀನು "ಸ್ವಲ್ಪ ಕೊಡಿ ಸಾರ್" ಎಂದು ಅವನ ಮುಖದಿಂದಲೇ ಕನ್ನಡಕ ತೆಗೆದುಕೊಂಡು, ಸೊಟ್ಟಗಿದ್ದ ಕಡ್ಡಿ ನೆಟ್ಟಗೆ ಮಾಡಿ, ಒರೆಸಿ, ಮತ್ತೆ ತೊಡಿಸಿ ಕಳುಹಿಸಿದೆ. ಆ ದಿನಗಳಲ್ಲಿ ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ ಅಕ್ಕ.

ಮತ್ತೆ ನಿನ್ನ 'ಸುಮ್ಮನೆ ಕೂರುವ ದಿನ'. ಕಂಪನಿಯಲ್ಲಿ ಯಾರೇ ಆಗಲಿ ತಿಂಗಳಿಗೊಮ್ಮೆ ಗಿರಾಕಿಯ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ತುಟಿ ಬಿಚ್ಚದೆ ಕೂರಬೇಕು. ಸಹಾಯ ಮಾಡಬಾರದು, ವಿವರಿಸಬಾರದು. ಕಂಡದ್ದನ್ನು ಬರೆದುಕೊಂಡು ಬಂದು ಮರುದಿನ ಚಹಾ ಹೊತ್ತಿಗೆ ಓದಬೇಕು. ಬಾಯಿ ಬಿಟ್ಟವರು ಒಂದು ವಾರ ಎಲ್ಲರ ಲೋಟ ತೊಳೆಯಬೇಕು. ಮೊದಲ ವರ್ಷ ನಾನು ತೊಳೆದ ಲೋಟಗಳಿಗೆ ಲೆಕ್ಕವಿಲ್ಲ. ನೀನು ನನ್ನನ್ನು ಬಾಯಿಬಡುಕಿ ಎಂದು ಕರೆಯುವುದನ್ನು ಇಡೀ ಕಂಪನಿ ಕಲಿತುಬಿಟ್ಟಿತ್ತು.

ಈಗ ಎರಡನೆಯ ಕಾರಣ.

ನೀನು ಹೊಸ ಅಂಗಡಿಗಳನ್ನು ನೋಡಲು ಎರಡು ವಾರ ಹೊರಗೆ ಹೋಗಿದ್ದೆ. ನಾವು ಮೂವತ್ತು ಜನರಾಗಿದ್ದೆವು, ನನಗೆ ಎಲ್ಲವನ್ನೂ ಚೆಂದ ಮಾಡುವ ಹುಚ್ಚು ಹಿಡಿದಿತ್ತು. ನಿಮ್ಮ ಕಸುಬಿನಲ್ಲಿ ಬಲಗಣ್ಣಿನ ಅಂಕಿ ಮೊದಲು, ಎಡಗಣ್ಣಿನದು ಆಮೇಲೆ. ಪರದೆಯಲ್ಲೂ ಹಾಗೆಯೇ ಇತ್ತು. ಎಡಗಣ್ಣು ಎಡಕ್ಕೆ, ಬಲಗಣ್ಣು ಬಲಕ್ಕೆ ಇದ್ದರೆ ನೋಡುವವರಿಗೆ ಸುಲಭ ಎಂದು ನನ್ನ ವಾದ. "ಅದರ ತಂಟೆಗೆ ಹೋಗ್ಬೇಡ" ಎಂದು ನೀನು ಎರಡು ಸಲ ಹೇಳಿದ್ದೆ. ನೀನಿಲ್ಲದಾಗ ಹೋದೆ. ಎಂದಿನಂತೆ ಹೊಸ ಪರದೆಯನ್ನು ಮೊದಲು ಮೇಷ್ಟ್ರ ಅಂಗಡಿಗೇ ಹಾಕಿ, ಮರುದಿನ ಅಲ್ಲೇ ಸ್ಟೂಲ್ ಮೇಲೆ ಕೂತೆ.

ಮೇಷ್ಟ್ರು ಪರದೆಯ ಮೇಲೆ ಯಾವ ಖಾನೆ ಯಾವ ಕಣ್ಣಿನದೆಂದು ಓದುವವರಲ್ಲ. ಹಿಂದಿನ ಸಂಜೆಯ ಚೀಟಿ ಒಂದನ್ನು ತೆಗೆದು ಮೊದಲ ಅಂಕಿಯನ್ನು ಮೊದಲ ಖಾನೆಗೆ, ಎರಡನೆಯದನ್ನು ಎರಡನೆಯದಕ್ಕೆ ಹೊಡೆದರು. ಬಲಗಣ್ಣಿಗೆ ಒಂದೂಕಾಲು, ಎಡಗಣ್ಣಿಗೆ ಮೂರು ಇದ್ದದ್ದು ಅದಲುಬದಲಾಗಿ ಹೋಯಿತು. ನನ್ನ ಕಣ್ಣೆದುರಿಗೇ ಹೋಯಿತು. ಸುಮ್ಮನೆ ಕೂರುವ ದಿನ ತಾನೆ, ಸುಮ್ಮನೆ ಕೂತೆ.

ನಿಯಮ ಮುರಿಯಬಾರದೆಂದು ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಾಯಿ ಬಿಟ್ಟರೆ ನೀನು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಸಂಜೆ ಕಚೇರಿಗೆ ಓಡಿಬಂದು ಪರದೆಯನ್ನು ಮೊದಲಿನಂತೆ ಮಾಡಿದೆ, ಉಳಿದ ಚೀಟಿಗಳನ್ನು ತಿದ್ದಿದೆ. ಆ ಒಂದು ಚೀಟಿ ಮಾತ್ರ ಆಗಲೇ ಲೆನ್ಸ್ ಕತ್ತರಿಸಲು ಹೋಗಿಯಾಗಿತ್ತು. ಅದನ್ನು ತಡೆಯಲು ಮೇಷ್ಟ್ರಿಗೆ ಒಂದು ಫೋನ್ ಸಾಕಿತ್ತು, ಮಾಡಲಿಲ್ಲ. ನನ್ನ ಪುಸ್ತಕದಲ್ಲಿ 'ವಿಶೇಷವೇನೂ ಇಲ್ಲ' ಎಂದು ಬರೆದೆ.

ಆ ಚೀಟಿ ಅಮ್ಮನದು.

ಚೀಟಿಯ ಮೇಲೆ ಕ್ರಮಸಂಖ್ಯೆ ಮಾತ್ರ ಇರುತ್ತಿತ್ತು, ಯಾರದೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಯಿ ಬಿಡುತ್ತಿದ್ದೆ. ಬೇರೆ ಯಾರ ಅಮ್ಮನಾದರೂ ಪರವಾಗಿಲ್ಲ ಎಂದಂತಾಯಿತಲ್ಲ, ನನಗೆ ಅದೇ ಹೆಚ್ಚು ನಾಚಿಕೆ. ಮುಂದಿನದು ನಿನಗೆ ಗೊತ್ತು. ಅಮ್ಮನ ಮೂರು ವಾರದ ತಲೆನೋವು, ಮೆಟ್ಟಿಲು ತಪ್ಪಿ ಕಾಲು ಉಳುಕಿದ್ದು, ಕೊನೆಗೆ ನೀನು ಕನ್ನಡಕವನ್ನು ಪರೀಕ್ಷೆಗೆ ಇಟ್ಟು ಎರಡು ಗಾಜು ಅದಲುಬದಲಾದದ್ದನ್ನು ಕಂಡುಹಿಡಿದದ್ದು. ನೀನು ನೇರ ಮೇಷ್ಟ್ರ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ "ನಿಮ್ಮ ಕಣ್ಣು ಮಂಜಾಗಿದೆ, ಇನ್ನು ಸಾಕು ಮಾಡಿ" ಅಂದೆ. ಅವರು ಎರಡು ತಿಂಗಳಲ್ಲಿ ಅಂಗಡಿ ಮುಚ್ಚಿ ಮಗಳ ಮನೆಗೆ ಹೋದರು. ನೀನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತ್ತು.

ಆಮೇಲೆ ನೀನು ಹಟಕ್ಕೆ ಬಿದ್ದೆ. ನಾವು ಇನ್ನೂ ಹೆಚ್ಚು ಕೂತಿದ್ದರೆ ಅವರ ದೃಷ್ಟಿ ಹೋಗುತ್ತಿರುವುದು ಮೊದಲೇ ತಿಳಿಯುತ್ತಿತ್ತು, ತಿಂಗಳಿಗೆ ಎರಡು ದಿನ ಮಾಡೋಣ ಎಂದೆ. ನನಗೆ ಆ ಸ್ಟೂಲಿನ ಮಾತೇ ಬೇಡವಾಗಿತ್ತು. ಜನ ಹೆಚ್ಚಾದರು, ಖರ್ಚು ತಡೆಯದು, ಗ್ರಾಫುಗಳೇ ಎಲ್ಲ ಹೇಳುತ್ತವೆ ಎಂದು ನಾನು ಆ ದಿನವನ್ನೇ ತೆಗೆದುಹಾಕಿದೆ. ನೀನು ಎಲ್ಲರೆದುರು ಕಾರಣ ಕೇಳಿದಾಗ "ಇದು ಮನೆ ಅಲ್ಲ ಅಕ್ಕ, ಕಂಪನಿ" ಎಂದೆ. ನೀನು ಬೀಗದ ಕೈ ಮೇಜಿನ ಮೇಲಿಟ್ಟು ಹೋದೆ. ನಿನಗೆ ಆರೋಗ್ಯ ಸರಿಯಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ.

ಈಗ ನಾವು ನೂರ ಎಂಬತ್ತು ಜನ. ನಾನು ಲಿಫ್ಟಿಗೆ ಕಾಲಿಟ್ಟರೆ ಒಳಗಿನ ಮಾತು ನಿಲ್ಲುತ್ತದೆ. ನಾಲ್ಕು ತಿಂಗಳಿಂದ ಹಳೆಯ ಅಂಗಡಿಗಳು ಒಂದೊಂದಾಗಿ ನಮ್ಮನ್ನು ಬಿಡುತ್ತಿವೆ. ಗ್ರಾಫುಗಳು ಎಷ್ಟು ಹೋದವೆಂದು ಹೇಳುತ್ತವೆ, ಏಕೆಂದು ಹೇಳುವುದಿಲ್ಲ. ಕಳೆದ ತಿಂಗಳು ಯಾರಿಗೂ ಹೇಳದೆ ಒಂದು ಅಂಗಡಿಗೆ ಹೋಗಿ ಕೂತೆ. ಅಲ್ಲಿಯ ಹೆಂಗಸು ನಮ್ಮ ಪರದೆಯ ಪಕ್ಕದಲ್ಲೇ ಹಳೆಯ ಕಾಗದದ ಚೀಟಿಯನ್ನೂ ಬರೆದಿಟ್ಟುಕೊಳ್ಳುತ್ತಾಳೆ. ನಮ್ಮದರ ಮೇಲೆ ಅವಳಿಗೆ ನಂಬಿಕೆಯಿಲ್ಲ. ಒಂದೇ ದಿನದಲ್ಲಿ ಹನ್ನೊಂದು ಪುಟ ಬರೆದುಕೊಂಡೆ.

ಮುಂದಿನ ತಿಂಗಳಿಂದ ಎಲ್ಲರೂ ಮತ್ತೆ ಕೂರಬೇಕು, ಆದರೆ ಒಂದು ಹೊಸ ನಿಯಮದೊಂದಿಗೆ: ತಪ್ಪು ಕಂಡರೆ ಬಾಯಿ ಬಿಡಲೇಬೇಕು. ಇದನ್ನು ನಡೆಸಲು ನೀನೇ ಬೇಕು. ನಿನ್ನೆ ಸಭೆಯಲ್ಲಿ ನೂರ ಎಂಬತ್ತು ಜನರಿಗೂ ಈ ಕಥೆಯನ್ನು ಹೇಳಿದ್ದೇನೆ. ನಿನಗೆ ಮೊದಲು ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ. ಎಷ್ಟು ಬೇಕಾದರೂ ಬೈ, ಆದರೆ ಎದುರಿಗೆ ಬಂದು ಬೈ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಮೊನ್ನೆ ಭಾನುವಾರ ಮೇಷ್ಟ್ರನ್ನು ಹುಡುಕಿಕೊಂಡು ಅವರ ಮಗಳ ಮನೆಗೆ ಹೋಗಿದ್ದೆ. ನಾನು ತಡವರಿಸುತ್ತಾ ಎಲ್ಲ ಹೇಳಿ ಮುಗಿಸುವವರೆಗೆ ಕೇಳಿದರು. ಆಮೇಲೆ, "ನಿನ್ನಕ್ಕ ಬೈದುಹೋದ ದಿನವೇ ಹಳೆ ಚೀಟಿ ತೆಗೆದು ನೋಡ್ದೆ ಕಣಮ್ಮ, ಅದರಲ್ಲಿ ಸರಿಯಾಗೇ ಇತ್ತು, ನೀನು ಬಂದು ಕೂತ ದಿನದ್ದು, ಪರದೆಯಲ್ಲೇ ತಪ್ಪಿದ್ದು ಅಂತ ಅರ್ಥ ಆಯ್ತು. ಹೇಳಿದ್ರೆ ಅಕ್ಕ ತಂಗಿ ಬೇರೆ ಆಗ್ತೀರ ಅಂತ ಸುಮ್ನಾದೆ. ನಂದು ಹೇಗೂ ಮುಗಿಯೋ ಅಂಗಡಿ" ಎಂದರು. ಅಷ್ಟು ಹೇಳಿ, "ಇಬ್ರೂ ಒಟ್ಟಿಗೇ ಇದೀರಲ್ಲ?" ಎಂದು ಕೇಳಿದರು. ನಾನು ಹೂಂ ಅಂದುಬಿಟ್ಟೆ ಅಕ್ಕ. ಬರುವ ಭಾನುವಾರ ಹನ್ನೊಂದು ಗಂಟೆಗೆ ನಮ್ಮಿಬ್ಬರನ್ನೂ ಕರೆದಿದ್ದಾರೆ.