ಬೆಡ್‌ಶೀಟಿನ ಆ ತುದಿ

ಫೆಬ್ರವರಿ ೯

ಅಕ್ಕಾ,

ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಎಂದರೆ ನಿಜವಾಗಿಯೂ ಸಾಷ್ಟಾಂಗ; ಈ ಕೋಣೆಯಲ್ಲಿ ಮೇಜಿಲ್ಲದ ಕಾರಣ ಹೊಟ್ಟೆಯ ಮೇಲೆ ಮಲಗಿಕೊಂಡೇ ಬರೆಯುತ್ತಿದ್ದೇನೆ. ಕಾಗದ ತಡವಾದದ್ದಕ್ಕೆ ಕ್ಷಮೆ ಇರಲಿ. ಕಾರಣ ಬೇಕೆಂದರೆ ಒಂದೆರಡು ಸುಳ್ಳು ಸಿದ್ಧವಾಗಿವೆ. ಅದರಲ್ಲೊಂದು ಭಾವನವರೂ ನಂಬುವಷ್ಟು ಚೆನ್ನಾಗಿದೆ, ಆದರೆ ನಿನ್ನ ಮುಂದೆ ಅದನ್ನು ಹಾಳು ಮಾಡಲು ಮನಸ್ಸಿಲ್ಲ.

ನಿನ್ನ ಕಾಗದದಲ್ಲಿ ಎರಡು ಪ್ರಶ್ನೆಗಳಿದ್ದವು. ಪುಟ್ಟಿಗೆ ಶಾಲೆಯಲ್ಲಿ ಪರಭಾಷೆಯೊಂದು ಶುರುವಾಗಿದೆ, ಪುಸ್ತಕ ತೆಗೆದ ಕೂಡಲೇ ಅವಳಿಗೆ ಹೊಟ್ಟೆನೋವು ಬರುತ್ತದೆ, ‘ನೀನು ಅಲ್ಲೇ ಇದ್ದು ಕಲೀತಿದೀಯಲ್ಲ, ಮಗೂಗೆ ಒಂದು ಒಳ್ಳೆ ದಾರಿ ಬರೆದು ಕಳ್ಸೋ’ ಎನ್ನುವುದು ಮೊದಲನೆಯದು. ‘ಅಲ್ಲಿ ಯಾರ ಜೊತೆಗಾದ್ರೂ ಮಾತಾಡ್ತೀಯೇನೋ?’ ಎನ್ನುವುದು ಎರಡನೆಯದು. ಇದನ್ನು ನೀನು ಪ್ರತಿ ಸಲವೂ ಕೇಳುತ್ತೀಯ, ನಾನು ಪ್ರತಿ ಸಲವೂ ಹವಾಮಾನದ ಬಗ್ಗೆ ಬರೆಯುತ್ತೇನೆ. ಈ ಸಲ ಎರಡಕ್ಕೂ ಒಂದೇ ಉತ್ತರವಿದೆ.

ಲೋಕಕಲ್ಯಾಣಾರ್ಥವಾಗಿ ನಾನು ಕಂಡುಹಿಡಿದಿರುವ ಪರಭಾಷಾ ಪ್ರವೇಶ ಸೂತ್ರಗಳನ್ನು ಪುಟ್ಟಿಗೆ ಓದಿ ಹೇಳು. ಕೈಕಾಲು ತೊಳೆಸಿ ಕೂರಿಸು. ಭಾವನವರು ಕೇಳುವುದಾದರೆ ಎದ್ದು ನಿಂತು ಕೇಳಲಿ.

ಮೊದಲನೆಯ ಸೂತ್ರ: ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಹೊರಡತಕ್ಕದ್ದು. ಇಲ್ಲಿಗೆ ಬಂದ ಹೊಸದರಲ್ಲಿ ಸೋಪು ಬೇಕಾಗಿ ಅಂಗಡಿಗೆ ಹೋದೆ. ಪದ ಗೊತ್ತಿಲ್ಲ. ಅಂಗಡಿಯ ನಡುವೆ ನಿಂತು ಮೈ ಉಜ್ಜಿಕೊಂಡು ತೋರಿಸಿದೆ. ಅವನು ಬೆನ್ನುನೋವಿನ ಮುಲಾಮು ತಂದ. ತಲೆ ಉಜ್ಜಿಕೊಂಡೆ, ಬಾಚಣಿಗೆ ತಂದ. ಕೊನೆಗೆ ತಂಬಿಗೆಯಲ್ಲಿ ನೀರು ಸುರಿದುಕೊಳ್ಳುವ ಅಭಿನಯವನ್ನು ‘ಹಾ ಹಾ’ ಎಂಬ ಉದ್ಗಾರ ಸಮೇತ ಮಾಡಿದೆ. ಸಾಲಿನಲ್ಲಿ ನಿಂತವರು ನೋಡಿದರು. ಯಾರೂ ನಗಲಿಲ್ಲ ಅಕ್ಕಾ. ನಕ್ಕಿದ್ದರೆ ನಾನು ಸೋಪಿಲ್ಲದೆಯೂ ಸಂತೋಷವಾಗಿ ಮನೆಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವೆಲ್ಲ ನಗಲು ಶುರು ಮಾಡುತ್ತಿದ್ದಿರಿ. ಇಲ್ಲಿ ನನ್ನನ್ನು ಗಂಭೀರ ಮನುಷ್ಯ ಎಂದು ತಿಳಿದಿದ್ದಾರೆ. ಇಂಥ ಅಪವಾದ ಹೊತ್ತುಕೊಂಡು ಎಷ್ಟು ದಿನ ಬದುಕಲಿ?

ಎರಡನೆಯ ಸೂತ್ರ: ಕೈಗೆ ಕೆಲಸ ಕೊಟ್ಟು ಆಮೇಲೆ ಬಾಯಿ ತೆರೆಯತಕ್ಕದ್ದು. ಇದಕ್ಕೆ ನನ್ನ ಕೆಲಸವೇ ಉದಾಹರಣೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ ಇದೆಯಲ್ಲ, ಅಲ್ಲಿ ಯಂತ್ರಗಳ ಗದ್ದಲಕ್ಕೆ ಕೂಗಿದರೂ ಕೇಳಿಸುವುದಿಲ್ಲ. ಸೂಪರ್‌ವೈಸರ್ ಸಾಹೇಬರು ಕೈಸನ್ನೆ ಮತ್ತು ಸಿಳ್ಳೆಯಿಂದಲೇ ರಾಜ್ಯಭಾರ ಮಾಡುತ್ತಾರೆ. ಇಸ್ತ್ರಿ ಯಂತ್ರದಿಂದ ಬೆಡ್‌ಶೀಟು ಬಿಸಿಬಿಸಿಯಾಗಿ ಹೊರಗೆ ಬರುತ್ತದೆ. ಒಂದು ತುದಿ ನನಗೆ, ಇನ್ನೊಂದು ತುದಿ ನನ್ನ ಜೋಡಿಯವಳಿಗೆ. ಎಳೆದು, ಉದ್ದಕ್ಕೆ ಮಡಿಸಿ, ನಾವಿಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗಳನ್ನು ಕೂಡಿಸಬೇಕು. ಹಾಗೆ ಹತ್ತಿರ ಬಂದ ಕ್ಷಣದಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತದೆ. ಆಮೇಲೆ ಮತ್ತೆ ದೂರ, ಮತ್ತೆ ಗದ್ದಲ.

ಈ ಜೋಡಿಯವಳೇ ನನ್ನ ಗುರು. ವಯಸ್ಸಿನಲ್ಲಿ ನಮ್ಮ ದೊಡ್ಡಮ್ಮನಷ್ಟಾಗಿರುವುದರಿಂದ ದೊಡ್ಡಮ್ಮ ಎಂದೇ ಕರೆಯುತ್ತೇನೆ. ಅದು ತನಗೆ ನಾನಿಟ್ಟ ಹೆಸರು ಎಂದುಕೊಂಡು ಓಗೊಡುತ್ತಾಳೆ. ನಾನು ಹತ್ತಿರ ಬಂದಾಗ ಏನನ್ನಾದರೂ ಕಣ್ಣಿನಲ್ಲಿ ತೋರಿಸಿ ಹುಬ್ಬೆತ್ತುತ್ತೇನೆ. ಅವಳು ಕಿವಿಯಲ್ಲಿ ಪದ ಹೇಳುತ್ತಾಳೆ. ಮುಂದಿನ ಬೆಡ್‌ಶೀಟಿಗೆ ನಾನು ಅದನ್ನು ಒಪ್ಪಿಸಬೇಕು. ತಪ್ಪಿದರೆ ಬಟ್ಟೆಯನ್ನು ಜಗ್ಗಿ ನನ್ನನ್ನು ಮುಗ್ಗರಿಸುವಂತೆ ಮಾಡುತ್ತಾಳೆ. ಹೀಗೆ ಪದಗಳು ಸೇರಿ ವಾಕ್ಯಗಳಾದವು. ಈಗ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಹರಟೆಯನ್ನೇ ಹೊಡೆಯುತ್ತೇವೆ.

ಮೊನ್ನೆ ಆ ಭಾಷೆಯಲ್ಲಿ ನನ್ನ ಮೊದಲ ಜೋಕು ಬಿಡುಗಡೆಯಾಯಿತು. ನಡುವೆ ತೂತಾದ ಬೆಡ್‌ಶೀಟು ಬಂದಿತ್ತು. ‘ಅಯ್ಯೋ ಪಾಪ, ಇದೂ ಸೂಪರ್‌ವೈಸರ್ ತಲೆ ಹಾಗೇ ನಡುವೆ ಸವೆದುಹೋಗಿದೆ’ ಎಂದೆ. ದೊಡ್ಡಮ್ಮ ತುದಿ ಕೈಬಿಟ್ಟು ಗೋಡೆಗೊರಗಿ ನಕ್ಕಳು. ಅಕ್ಕಾ, ಆ ದಿನ ಕೋಣೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಪರಿಚಯದ ಮುಖ ಕಂಡಿತು.

ಅಂಗಡಿಯವನಿಗೆ, ಬಸ್ಸಿನವನಿಗೆ ಮಾತ್ರ ನನ್ನ ಮಾತು ಇನ್ನೂ ತಿಳಿಯುವುದಿಲ್ಲ. ಉಚ್ಚಾರಣೆ ಪಳಗಬೇಕು. ಭಾಷೆ ಬಂದವರನ್ನು ಮೇಲಿನ ವಾರ್ಡುಗಳಿಗೆ ಬಟ್ಟೆಯ ಗಾಡಿ ತಳ್ಳಲು ಕಳಿಸುತ್ತಾರೆ. ಅಲ್ಲಿ ಕಿಟಕಿಗಳಿವೆ, ದಾದಿಯರಿದ್ದಾರೆ, ಬೇಸರಪಟ್ಟುಕೊಂಡು ಮಲಗಿದ ರೋಗಿಗಳಿದ್ದಾರೆ. ಒಂದೊಂದು ಹಾಸಿಗೆಯಲ್ಲೂ ಎದ್ದು ಓಡಲಾರದ ಒಬ್ಬ ಶ್ರೋತೃ! ಮುಂದಿನ ತಿಂಗಳು ಹೆಡ್ ನರ್ಸ್ ನನ್ನನ್ನು ಪರೀಕ್ಷಿಸುತ್ತಾರೆ. ಹರಸು.

ನಿನ್ನ ತಮ್ಮ,
ಭಾಷಾ ಪಂಡಿತ (ಸ್ವಯಂಘೋಷಿತ)

ಮಾರ್ಚ್ ೨೧

ಅಕ್ಕಾ,

ಮತ್ತೆ ತಡ. ಈ ಸಲ ನಿಜವಾದ ಕಾರಣವಿದೆ: ಮಾನ ಹೋಗಿತ್ತು, ವಾಪಸು ಬರುವವರೆಗೆ ಕಾಯುತ್ತಿದ್ದೆ.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೆಡ್ ನರ್ಸ್ ಮುಂದೆ ನಿಂತೆ. ಅವರು ಏನೋ ಕೇಳಿದರು. ಅರ್ಥವಾಗಲಿಲ್ಲ, ದೊಡ್ಡ ಅಧಿಕಾರಿಗಳ ಭಾಷೆ ಹಾಗೇ ಇರುತ್ತದೆ ಎಂದುಕೊಂಡು, ಸಿದ್ಧಪಡಿಸಿದ್ದ ಭಾಷಣ ಶುರು ಮಾಡಿದೆ. ನನ್ನ ಊರು, ನನ್ನ ಅಕ್ಕ, ಬಟ್ಟೆ ಮಡಿಸುವ ಕಲೆಯ ಹಿರಿಮೆ, ಎಲ್ಲ ಬಂತು. ನಡುವೆ ತೂತಿನ ಜೋಕನ್ನೂ ಸೇರಿಸಿದೆ. ಹೆಡ್ ನರ್ಸ್ ಮುಖದಲ್ಲಿ ಕರುಣೆ ಮೂಡಿತು. ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಜ್ವರವಿಲ್ಲ. ಸ್ವಲ್ಪ ಯೋಚಿಸಿ, ಕೈ ಹಿಡಿದುಕೊಂಡು ಮೇಲಿನ ವಾರ್ಡಿಗೆ ಕರೆದೊಯ್ದರು.

ಅಲ್ಲಿ ಕಾಲು ಮುರಿದುಕೊಂಡ ಹಳೆಯ ನಾವಿಕನೊಬ್ಬ ಮಲಗಿದ್ದ. ಬಂದರು ಬಂದರು ಸುತ್ತಿದವನು. ‘ಮಾತಾಡು’ ಎಂದು ನರ್ಸ್ ಸನ್ನೆ ಮಾಡಿದರು. ನಾನು ಭಾಷಣವನ್ನು ಮೊದಲಿಂದ ಶುರು ಮಾಡಿದೆ. ನಾವಿಕ ಎರಡು ವಾಕ್ಯ ಕೇಳಿ, ಮುರಿದ ಕಾಲು ಅಲುಗುವಂತೆ ನಗತೊಡಗಿದ. ಆಮೇಲೆ ದೊಡ್ಡಮ್ಮನ ಮಾತಿನಲ್ಲೇ ನನಗೆ ಹೇಳಿದ: ‘ಅಲ್ಲಯ್ಯಾ, ಚೆನ್ನಾಗೇ ಮಾತಾಡ್ತೀಯ. ಆದ್ರೆ ಇದು ಈ ಊರಿನ ಭಾಷೆ ಅಲ್ಲ. ಈ ದೇಶದ್ದೂ ಅಲ್ಲ. ಇದನ್ನ ಆಡೋ ಜನ ಬೇಕು ಅಂದ್ರೆ ಸಮುದ್ರ ದಾಟಿ ಹೋಗ್ಬೇಕು. ಯಾರಪ್ಪ ನಿಂಗೆ ಕಲ್ಸಿದ್ದು?’

ಅವನು ಹೇಳಿದ್ದು ಒಂದಕ್ಷರ ಬಿಡದೆ ಅರ್ಥವಾಯಿತು ಅಕ್ಕಾ. ಅಷ್ಟು ಚೆನ್ನಾಗಿ ಕಲಿತಿದ್ದೆ.

ಕೆಳಗೆ ಹೋಗಿ ದೊಡ್ಡಮ್ಮನ ಎದುರು ಬೆಡ್‌ಶೀಟು ಹಿಡಿದು ನಿಂತೆ. ಮೂಲೆ ಕೂಡಿಸುವಾಗ ಕೇಳಿದೆ, ‘ನೀನು ಈ ಊರಿನವಳಲ್ವಾ?’

‘ಅಲ್ಲ.’

ದೂರ ಹೋದೆವು, ಎಳೆದೆವು, ಹತ್ತಿರ ಬಂದೆವು.

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ನೀನೆಲ್ಲಿ ಕೇಳ್ದೆ? ಇದಕ್ಕೇನಂತಾರೆ ಅಂತ ಹುಬ್ಬೆತ್ತಿದೆ. ನಾವೇನಂತೀವೋ ಅದನ್ನ ಹೇಳ್ದೆ.’

ಇಷ್ಟು ಹೇಳಿ ನಗಲು ನೋಡಿದಳು, ಆದರೆ ಕಣ್ಣು ಬೆಡ್‌ಶೀಟಿನ ಮೇಲೆಯೇ ಇತ್ತು. ನನಗೋ, ಸಿಟ್ಟು ಬರುವ ಬದಲು ನಗು ಬಂತು. ಜಗತ್ತಿನಲ್ಲಿ ಯಾರ ಚಪ್ಪಲಿಯನ್ನಾದರೂ ಬಚ್ಚಿಟ್ಟು ಬೇಸ್ತು ಬೀಳಿಸಬಲ್ಲ ನಾನು, ಇಡೀ ಭಾಷೆಯನ್ನೇ ತಪ್ಪಿ ಕಲಿತೆ ಎಂದರೆ! ನಾವಿಬ್ಬರೂ ಮಡಿಸಿಟ್ಟ ರಾಶಿಯ ಮೇಲೆ ಬಿದ್ದು ನಕ್ಕೆವು. ಸಿಳ್ಳೆಯ ಮೇಲೆ ಸಿಳ್ಳೆ ಬಂತು. ವಯಸ್ಸಾದವಳು, ಮರೆತು ತನ್ನ ಮಾತನ್ನೇ ಆಡಿರಬೇಕು ಎಂದು ಉದಾರವಾಗಿ ಕ್ಷಮಿಸಿದೆ.

ಊಟದ ಹೊತ್ತಿಗೆ ತನ್ನ ವಿಷಯ ಹೇಳಿದಳು. ಮದುವೆಯಾಗಿ ಬಂದದ್ದಂತೆ. ಗಂಡ ಇದ್ದಷ್ಟು ದಿನ ಮನೆಯಲ್ಲಿ ಆ ಮಾತಿತ್ತು. ಈಗ ಮಗಳಿದ್ದಾಳೆ. ‘ನಾನು ನಮ್ಮ ಮಾತಲ್ಲಿ ಕೇಳ್ತೀನಿ, ಅವಳು ಈ ಊರಿನ ಮಾತಲ್ಲಿ ಉತ್ತರ ಕೊಡ್ತಾಳೆ. ಮೊಮ್ಮಕ್ಕಳು ನಾನು ಬಾಯಿ ತೆಗೆದ್ರೆ ಸಾಕು, ಅಣಕಿಸ್ತಾವೆ’ ಎಂದಳು. ಡಬ್ಬಿಯ ಮುಚ್ಚಳವನ್ನು ತುಂಬಾ ಹೊತ್ತು ಒರೆಸುತ್ತಿದ್ದಳು.

ಆದ್ದರಿಂದ ಪುಟ್ಟಿಗೆ ಮೂರನೆಯ ಸೂತ್ರ: ಕಲಿಯುವ ಮೊದಲು ಯಾವ ಭಾಷೆ ಎಂದು ವಿಚಾರಿಸತಕ್ಕದ್ದು. ಇಷ್ಟು ದೊಡ್ಡ ಸತ್ಯವನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

ಈಗ ಹೊಸ ಒಪ್ಪಂದವಾಗಿದೆ. ಬೆಡ್‌ಶೀಟಿನ ಹೊತ್ತಿನಲ್ಲಿ ಈ ಊರಿನ ಭಾಷೆ, ಊಟದ ಹೊತ್ತಿನಲ್ಲಿ ಅವಳದು. ಈ ಊರಿನ ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು. ಬಿಡುವಿನಲ್ಲಿ ಅವಳು ಸೂಪರ್‌ವೈಸರ್ ಜೊತೆ ಬೇರೆ ಥರ ಮಾತಾಡುವುದು ಮೊದಲಿಂದಲೂ ಕಿವಿಗೆ ಬೀಳುತ್ತಿತ್ತು, ಅದು ಮರ್ಯಾದೆಯ ದನಿ ಎಂದುಕೊಂಡಿದ್ದೆ! ಹೆಡ್ ನರ್ಸ್ ಇನ್ನೊಂದು ಅವಕಾಶ ಕೊಡುತ್ತಾರಂತೆ.

ನಿನ್ನ ತಮ್ಮ,
ಮಾಜಿ ಪಂಡಿತ

ಜೂನ್ ೪

ಅಕ್ಕಾ,

ಚೆನ್ನಾಗಿದ್ದೀಯಾ? ನಿನ್ನ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಅಂದರೆ ಮಲಗಿದೆ. ಸೋಮಾರಿತನದಿಂದ ಎಂದೇ ತಿಳಿದುಕೋ, ಅದು ನಿನಗೆ ಅಭ್ಯಾಸವಾಗಿದೆ. ಪುಟ್ಟಿ ನನ್ನ ಸೂತ್ರಗಳನ್ನು ಮೇಷ್ಟ್ರ ಮುಂದೆ ಹೇಳಿ ಬೈಸಿಕೊಂಡಳೆಂದು ತಿಳಿದು ಎದೆ ಉಬ್ಬಿತು. ವಂಶ ಬೆಳಗುತ್ತಾಳೆ.

ಸುದ್ದಿಗಳನ್ನು ಹೇಳುತ್ತೇನೆ. ನಾನು ಪಾಸಾದೆ. ಹೆಡ್ ನರ್ಸ್ ಕೇಳಿದ್ದೆಲ್ಲ ತಿಳಿಯಿತು, ನಾನು ಹೇಳಿದ್ದೂ ಅವರಿಗೆ ತಿಳಿಯಿತು. ಮುಗಿಯುವಾಗ ಕೈ ಕುಲುಕಿದರು. ತೂತಿನ ಜೋಕು ಹೇಳಲಿಲ್ಲ. ಈ ಊರಿನ ಭಾಷೆಯಲ್ಲಿ ಅದು ಹೇಗೋ ನಿಲ್ಲುವುದಿಲ್ಲ, ಸೂಪರ್‌ವೈಸರ್ ತಲೆಯ ಮೇಲೆ ಕೂದಲು ನಿಲ್ಲದ ಹಾಗೆ. ಬರುವ ವಾರ ಗಾಡಿ ತಳ್ಳಲು ಮೇಲೆ ಹೋಗಬಹುದು ಎಂದರು.

ದೊಡ್ಡಮ್ಮ ಹೋದಳು. ಮಗಳಿಗೆ ಬೇರೆ ಊರಿನಲ್ಲಿ ಮನೆಯಾಯಿತು, ಅಮ್ಮನನ್ನೂ ಕರೆದುಕೊಂಡು ಹೋದಳು. ಕೊನೆಯ ದಿನ ನನಗೆ ಏನೋ ದೊಡ್ಡ ಉಪದೇಶ ಕೊಡುತ್ತಾಳೆ ಎಂದುಕೊಂಡಿದ್ದೆ. ಕೊನೆಯ ಬೆಡ್‌ಶೀಟಿಗೆ ಹತ್ತಿರ ಬಂದಾಗ, ‘ನಿನ್ನ ಮೂಲೆ ಇನ್ನೂ ಸೊಟ್ಟ’ ಎಂದಳು. ಅದನ್ನು ತನ್ನ ಭಾಷೆಯಲ್ಲಿ ಹೇಳಿದಳು. ಕೆಲಸದ ಹೊತ್ತಿನಲ್ಲಿ ಅದನ್ನಾಡುವುದು ಒಪ್ಪಂದಕ್ಕೆ ವಿರುದ್ಧ ಎಂದು ನಾನು ಗಂಭೀರವಾಗಿ ಆಕ್ಷೇಪಿಸಿದೆ. ಅದೂ ಅವಳ ಭಾಷೆಯಲ್ಲೇ. ಇಬ್ಬರೂ ನಗಲಿಲ್ಲ.

ನಾವಿಕನಾದರೂ ಸಿಕ್ಕಾನೆಂದು ವಾರ್ಡಿಗೆ ಹೋಗಿ ನೋಡಿದೆ. ಅವನ ಕಾಲು ಕೂಡಿಕೊಂಡು, ಯಾವುದೋ ಹಡಗು ಹತ್ತಿ ಹೋಗಿದ್ದಾನೆ. ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಬೆಡ್‌ಶೀಟು ಮಾತ್ರ ನಾನು ಮಡಿಸಿದ್ದು; ಮೂಲೆಯಲ್ಲಿ ಮಡಿಕೆಯ ಗುರುತು ಸೊಟ್ಟಗಿತ್ತು.

ತಮಾಷೆ ನೋಡು, ನನ್ನ ಹತ್ತಿರ ಈಗ ಒಂದು ಪೂರ್ತಿ ಭಾಷೆಯಿದೆ. ಅದರಲ್ಲಿ ಜಗಳ ಆಡಬಲ್ಲೆ, ಚೌಕಾಸಿ ಮಾಡಬಲ್ಲೆ, ಮುನಿದವರನ್ನು ರಮಿಸಬಲ್ಲೆ. ಈ ಊರಿನಲ್ಲಿ ಅದನ್ನು ಆಡುವವನು ನಾನೊಬ್ಬನೇ. ಒಮ್ಮೊಮ್ಮೆ ಕೋಣೆಯಲ್ಲಿ ಕೆಟಲ್ ಜೊತೆ ಆಡುತ್ತೇನೆ. ಕೆಟಲ್‌ಗೆ ತಾಳ್ಮೆಯಿದೆ, ಹಾಸ್ಯಪ್ರಜ್ಞೆ ಸಾಲದು.

ನನ್ನ ಜಾಗಕ್ಕೆ ತಯಾರಾಗಲೆಂದು ಹೊಸಬರೊಬ್ಬರು ಬಂದಿದ್ದಾರೆ. ವಯಸ್ಸಿನಲ್ಲಿ ಭಾವನವರಿಗಿಂತ ದೊಡ್ಡವರು, ದಪ್ಪ ಮೀಸೆ. ಎಲ್ಲಿಂದಲೋ ಬಂದವರು, ಯಾರ ಮಾತೂ ತಿಳಿಯದು. ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಹೆಂಡತಿ ಮಕ್ಕಳ ಫೋಟೋ ತೋರಿಸಿದರು. ನಾನು ತಲೆಯಾಡಿಸಿದೆ, ಅವರೂ ತಲೆಯಾಡಿಸಿದರು. ಅಲ್ಲಿಗೆ ಹರಟೆ ಮುಗಿಯಿತು.

ಪುಟ್ಟಿಗೆ ನನ್ನ ತುಂಬು ಆಶೀರ್ವಾದ. ನೂರು ಭಾಷೆ ಕಲಿಯಲಿ, ಒಂದೊಂದರಲ್ಲೂ ಮೇಷ್ಟ್ರನ್ನು ಕಾಡಲಿ. ಭಾವನವರಿಗೆ ನಮಸ್ಕಾರ. ನಿನ್ನ ಮಂಡಿನೋವು ಬೇಗ ಗುಣವಾಗಲಿ. ಮಾತಾಡಲು ಯಾರಾದರೂ ಇದ್ದಾರಾ ಎಂದು ಮತ್ತೆ ಕೇಳಿದ್ದೀಯ. ಇಲ್ಲಿ ಹವಾಮಾನ ಚೆನ್ನಾಗಿದೆ.

ನಿನ್ನ ತಮ್ಮ

ಮತ್ತೊಂದು ಮಾತು: ಇದನ್ನು ಪುಟ್ಟಿಗೆ ಓದಿ ಹೇಳಬೇಡ.

ಇವತ್ತು ಹೊಸಬರ ಜೊತೆ ಮೊದಲ ಬೆಡ್‌ಶೀಟು ಹಿಡಿದೆ. ಹತ್ತಿರ ಬಂದಾಗ ಅವರು ಬಟ್ಟೆಯನ್ನು ಕಣ್ಣಿನಲ್ಲೇ ತೋರಿಸಿ ಹುಬ್ಬೆತ್ತಿದರು. ಈ ಊರಿನ ಪದ ನನ್ನ ಬಾಯಿಯಲ್ಲೇ ಇತ್ತು. ಆದರೆ ಅವರ ಕಿವಿಯಲ್ಲಿ ನಾನು ಹೇಳಿದ್ದು ದೊಡ್ಡಮ್ಮನ ಪದ. ಅವರು ತಪ್ಪಾಗಿ ಒಪ್ಪಿಸಿದರು, ನಾನು ಬಟ್ಟೆ ಜಗ್ಗಿದೆ. ಮುಂದಿನ ಬೆಡ್‌ಶೀಟಿಗೆ ಸರಿಯಾಗಿ ಹೇಳಿದರು. ಅವಳು ಹೋದ ಮೇಲೆ ಆ ಪದವನ್ನು ಇನ್ನೊಂದು ಬಾಯಿಂದ ಕೇಳಿದ್ದು ಅದೇ ಮೊದಲು. ಕೈ ಸಡಿಲಾಗಿ ನನ್ನ ತುದಿ ನೆಲಕ್ಕೆ ಬಿತ್ತು. ಅವರು ನಕ್ಕರು.

ತಮಾಷೆಗೆ ಮಾಡಿದ್ದಲ್ಲ ಅಕ್ಕಾ. ದೊಡ್ಡಮ್ಮನೂ ಮರೆತು ಹೇಳಿದ್ದಲ್ಲ ಎಂದು ಆಗ ತಿಳಿಯಿತು.

ಇನ್ನೊಂದಿಷ್ಟು ದಿನ ಕೆಳಗೇ ಇರುತ್ತೇನೆ ಎಂದು ಹೆಡ್ ನರ್ಸ್‌ಗೆ ಹೇಳಿ ಬಂದಿದ್ದೇನೆ. ಹೊಸಬರಿಗೆ ಈ ಊರಿನ ಪದವನ್ನು ನಾಳೆ ಹೇಳುತ್ತೇನೆ. ಬೆಳಿಗ್ಗೆಯೇ ಬೇಡ, ಊಟವಾದ ಮೇಲೆ.